ನೀಲಿ ಡ್ರಮ್ಮಿನ ವಂಶಾವಳಿ

ಅಕ್ವಾಪೋನಿಕ್ಸ್ ಬಗ್ಗೆ ಬಂದ ಯಾವ ಪುಸ್ತಕ ತೆರೆದರೂ ಮೊದಲ ಪುಟಗಳಲ್ಲೇ ಅಜ್ಟೆಕರು ಎದುರಾಗುತ್ತಾರೆ. ಮೆಕ್ಸಿಕೋ ಕಣಿವೆಯ ಸೊಚಿಮಿಲ್ಕೊದಲ್ಲಿ ಕೆರೆಯ ಹೂಳೆತ್ತಿ ಕಟ್ಟಿದ ಚಿನಾಂಪಾ ಎಂಬ ತೋಟಗಳು, ಸುತ್ತ ಕಾಲುವೆ, ಕಾಲುವೆಯಲ್ಲಿ ಮೀನು. ಪುಟ ತಿರುಗಿಸಿದರೆ ಚೀನಾದ ಭತ್ತದ ಗದ್ದೆ, ಅದರಲ್ಲಿ ಈಜುವ ಗೆಂಡೆ. ಒಂದು ತೊಟ್ಟಿಯಲ್ಲಿ ಮೀನು ಸಾಕಿ, ಅದೇ ನೀರನ್ನು ಜಲ್ಲಿ ತುಂಬಿದ ಪಾತಿಗೆ ಹಾಯಿಸಿ, ಸೊಪ್ಪು ಬೆಳೆದು, ಸೋಸಿದ ನೀರನ್ನು ಮತ್ತೆ ಮೀನಿಗೇ ಬಿಡುವ ಈ ಹಿತ್ತಲ ವಿದ್ಯೆಗೆ ಸಾವಿರಾರು ವರ್ಷದ ಕುಲಗೋತ್ರ ಹಚ್ಚುವ ಆಸೆ ಲೇಖಕರಿಗೆಲ್ಲ ಇದ್ದಂತಿದೆ.

ಕುಲಗೋತ್ರ ಪೂರ್ತಿ ಸುಳ್ಳಲ್ಲ. ಆದರೆ ಬಾದರಾಯಣ ಸಂಬಂಧ. ಅಂಥ ಸಂಬಂಧವೇ ಸಾಕೆಂದರೆ ಮೆಕ್ಸಿಕೋವರೆಗೆ ಹೋಗಬೇಕಾಗಿಯೂ ಇಲ್ಲ. ಅಘನಾಶಿನಿ ನದಿ ಕಡಲು ಸೇರುವಲ್ಲಿ, ಕುಮಟಾ ತಾಲ್ಲೂಕಿನ ಮಾಣಿಕಟ್ಟಾದ ಸುತ್ತಮುತ್ತ ಗಜನಿ ಭೂಮಿ ಇದೆ. ಮಳೆಗಾಲದಲ್ಲಿ ಉಪ್ಪು ತೊಳೆದು ಹೋದ ಕೆಸರಿನಲ್ಲಿ ಅಲ್ಲಿಯವರು ಕಗ್ಗ ಭತ್ತ ಬಿತ್ತುತ್ತಾರೆ. ಕಟಾವಾದ ಮೇಲೆ ಕೂಳೆಯನ್ನು ಹಾಗೇ ಬಿಟ್ಟು ಕಟ್ಟೆಯ ಬಾಗಿಲು ತೆರೆದರೆ ಭರತದ ನೀರಿನೊಂದಿಗೆ ಮೀನು, ಸಿಗಡಿ ಒಳಗೆ ಬರುತ್ತವೆ. ಕೊಳೆತ ಕೂಳೆ ಅವುಗಳ ಮೇವಾಗುತ್ತದೆ. ಅವುಗಳ ಹಿಕ್ಕೆ ಮುಂದಿನ ಭತ್ತಕ್ಕೆ ಗೊಬ್ಬರ. ಗೊಬ್ಬರಕ್ಕೂ ಮೀನಿನ ಮೇವಿಗೂ ದುಡ್ಡು ಕೊಡಬೇಕಾಗಿಲ್ಲ.

ಆದರೆ ಗಜನಿಯ ನೀರನ್ನು ಬದಲಿಸುವುದು ಸಮುದ್ರ. ದಿನಕ್ಕೆ ಎರಡು ಬಾರಿ ಬಂದು ಹೋಗುತ್ತದೆ, ಬಿಟ್ಟಿ. ಹಿತ್ತಲಲ್ಲಿ ಮೀನು ಸಾಕುವ 200 ಲೀಟರ್ ಡ್ರಮ್ಮಿಗೆ ಆ ಭಾಗ್ಯವಿಲ್ಲ. ಮೀನು ಕಿವಿರಿನಿಂದ ಅಮೋನಿಯ ಬಿಡುತ್ತಲೇ ಇರುತ್ತದೆ. ನೀರು ಬದಲಿಸದಿದ್ದರೆ ತನ್ನದೇ ವಿಷದಲ್ಲಿ ಕೆಲವೇ ದಿನಕ್ಕೆ ಸಾಯುತ್ತದೆ. ಆ ವಿಷವನ್ನು ಗಿಡದ ಆಹಾರವಾಗಿ ಮಾಡುವುದು ಹೇಗೆಂಬುದೇ ಅಕ್ವಾಪೋನಿಕ್ಸ್‌ನ ಇಡೀ ಕಥೆ. ಆ ಕಥೆ ಶುರುವಾಗುವುದು ಅಜ್ಟೆಕರಲ್ಲಲ್ಲ, ಪ್ಯಾರಿಸ್‌ನ ಚರಂಡಿ ನೀರಿನಲ್ಲಿ.

1877ರಲ್ಲಿ ಥಿಯೊಫೀಲ್ ಶ್ಲೋಸಿಂಗ್ ಮತ್ತು ಅಕೀಲ್ ಮ್ಯೂಂಟ್ಸ್ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಒಂದು ಉದ್ದದ ಗಾಜಿನ ಕೊಳವೆಯಲ್ಲಿ ಕಾಯಿಸಿದ ಮರಳು, ಸುಣ್ಣಕಲ್ಲಿನ ಪುಡಿ ತುಂಬಿ ಮೇಲಿನಿಂದ ಚರಂಡಿ ನೀರನ್ನು ಹನಿಹನಿಯಾಗಿ ಬಿಟ್ಟರು. ನೀರು ತಳ ಮುಟ್ಟಲು ಎಂಟು ದಿನ ಬೇಕಾಯಿತು. ಸುಮಾರು ಇಪ್ಪತ್ತು ದಿನ ಏನೂ ಆಗಲಿಲ್ಲ. ಮೇಲೆ ಹೋದ ಅಮೋನಿಯವೇ ಕೆಳಗೆ ಬಂತು. ಆಮೇಲೆ ಅದು ಮಾಯವಾಗಿ ನೈಟ್ರೇಟ್ ಕಾಣಿಸಿಕೊಂಡಿತು. ಮರಳಿನ ಗುಣದಿಂದಲೇ ಹೀಗಾಗುವುದಾದರೆ ಮೊದಲ ದಿನವೇ ಆಗಬೇಕಿತ್ತು. ಅನುಮಾನ ಬಂದು ಕೊಳವೆಗೆ ಕ್ಲೋರೋಫಾರ್ಮ್ ಆವಿ ಬಿಟ್ಟರು. ನೈಟ್ರೇಟ್ ನಿಂತಿತು. ಮರಳಿನಲ್ಲಿ ಯಾವುದೋ ಜೀವ ಕೆಲಸ ಮಾಡುತ್ತಿದೆ ಎಂಬುದು ಹೀಗೆ ರುಜುವಾತಾಯಿತು. 1890ರ ಹೊತ್ತಿಗೆ ರಷ್ಯದ ಸೆರ್ಗೆಯ್ ವಿನೊಗ್ರಾದ್‌ಸ್ಕಿ ಆ ಬ್ಯಾಕ್ಟೀರಿಯಗಳನ್ನು ಬೇರ್ಪಡಿಸಿದರು: ಒಂದು ಬಗೆ ಅಮೋನಿಯವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 1887ರಲ್ಲಿ ಲಾರೆನ್ಸ್ ಪಟ್ಟಣದಲ್ಲಿ ತೆರೆದ ಪ್ರಯೋಗ ಕೇಂದ್ರ ಇದೇ ತತ್ವವನ್ನು ಹಿಡಿದು ಮರಳು, ಜಲ್ಲಿಗಳ ಮೂಲಕ ಊರಿನ ಕೊಳಕು ನೀರು ಸೋಸುವುದನ್ನು ಕಲಿಸಿತು.

ಇವತ್ತು ಹಿತ್ತಲಲ್ಲಿ ಡ್ರಮ್ಮಿಟ್ಟವರು ‘ಮೀನು ಬಿಡುವ ಮುಂಚೆ ನಾಲ್ಕರಿಂದ ಆರು ವಾರ ಕಾಯಬೇಕು’ ಎಂಬ ಸಲಹೆ ಕೇಳಿ ಮುಖ ಸಿಂಡರಿಸುತ್ತಾರೆ. ಶ್ಲೋಸಿಂಗ್ ಕಾಯಬೇಕಾದದ್ದೂ ಬ್ಯಾಕ್ಟೀರಿಯ ಬೆಳೆಯುವವರೆಗೇ. ದುಡ್ಡಿದ್ದವರಿಗೂ ಇಲ್ಲದವರಿಗೂ ಆ ಬ್ಯಾಕ್ಟೀರಿಯ ಒಂದೇ ವೇಗದಲ್ಲಿ ಬೆಳೆಯುತ್ತದೆ.

ಇನ್ನೊಂದು ಕಡೆ, ಮಣ್ಣಿಲ್ಲದೆ ಗಿಡ ಬೆಳೆಸುವ ವಿದ್ಯೆ ತನ್ನ ಪಾಡಿಗೆ ಬೆಳೆಯುತ್ತಿತ್ತು. 1930ರ ದಶಕದಲ್ಲಿ ಕ್ಯಾಲಿಫೋರ್ನಿಯದ ಬರ್ಕ್‌ಲಿಯಲ್ಲಿ ವಿಲಿಯಂ ಗೆರಿಕೆ ಬರೀ ರಸಗೊಬ್ಬರದ ನೀರಿನಲ್ಲಿ ಆಳೆತ್ತರಕ್ಕಿಂತ ಮಿಗಿಲಾದ ಟೊಮೆಟೊ ಗಿಡ ಬೆಳೆಸಿ ಹೆಸರಾದರು. ಅದನ್ನು ಬಡವರ ಕೈಗೆ ಎಟುಕುವಂತೆ ಮಾಡಲು ಹೊರಟದ್ದು ಭಾರತದ ನೆಲದಲ್ಲಿ. ಬಂಗಾಳ ಸರ್ಕಾರದ ನೌಕರಿಯಲ್ಲಿದ್ದ ಜೇಮ್ಸ್ ಶೋಲ್ಟೊ ಡಗ್ಲಸ್ 1946ರಲ್ಲಿ ಕಾಲಿಂಪಾಂಗ್‌ನಲ್ಲಿ ಪ್ರಯೋಗಕ್ಕೆ ಕುಳಿತರು. ದುಬಾರಿ ತೊಟ್ಟಿ, ಪಂಪು ಎಲ್ಲ ಬಿಟ್ಟು ಇಟ್ಟಿಗೆ ಚೂರು, ಕಲ್ಲಿನ ಪುಡಿ, ಮರಳಿನಂಥ ಸ್ಥಳೀಯ ಸಾಮಗ್ರಿಗಳಲ್ಲೇ ಪಾತಿ ಕಟ್ಟಿದರು. ‘ಬಂಗಾಳ ಪದ್ಧತಿ’ ಎಂದು ಅದನ್ನು ಜಗತ್ತು ಕರೆಯಿತು. ಆ ಹೆಸರಿನ ಅವರ ಪುಸ್ತಕ 1951ರಲ್ಲಿ ಬಂತು. ಅದರಲ್ಲಿ ಮೀನಿಲ್ಲ. ಆದರೆ ಕೈಗೆ ಸಿಕ್ಕಿದ್ದರಲ್ಲೇ ಕಟ್ಟಿಕೊಳ್ಳಬೇಕೆಂಬ ಹಟ ಮುಂದಿನ ಐವತ್ತು ವರ್ಷ ಅಕ್ವಾಪೋನಿಕ್ಸ್‌ಗೆ ಅಂಟಿಕೊಂಡಿತು.

ಮೀನೂ ಪಾತಿಯೂ ಒಂದೇ ಅಂಗಳಕ್ಕೆ ಬಂದದ್ದು ಮತ್ತೆ ಮ್ಯಾಸಚೂಸೆಟ್ಸ್‌ನಲ್ಲೇ, ಕೇಪ್ ಕಾಡ್ ಎಂಬ ಕಡಲ ಚಾಚಿನಲ್ಲಿ. ಜೀವವಿಜ್ಞಾನಿಗಳಾದ ಜಾನ್ ಟಾಡ್, ವಿಲಿಯಂ ಮೆಕ್‌ಲಾರ್ನಿ ಹಾಗೂ ಟಾಡ್ ಅವರ ಪತ್ನಿ, ಲೇಖಕಿ ನ್ಯಾನ್ಸಿ ಜ್ಯಾಕ್ ಟಾಡ್ 1969ರಲ್ಲಿ ‘ನ್ಯೂ ಆಲ್ಕೆಮಿ ಇನ್‌ಸ್ಟಿಟ್ಯೂಟ್’ ಕಟ್ಟಿದರು. ಕೀಟನಾಶಕ, ತೈಲ, ಯುದ್ಧ ಎಲ್ಲದರ ಮೇಲೂ ಸಿಟ್ಟಿದ್ದ ಕಾಲ. ಆಮೇಲೆ ಕೇಪ್ ಕಾಡ್‌ನ ಹ್ಯಾಚ್‌ವಿಲ್‌ನಲ್ಲಿ ಹಳೆಯ ಡೇರಿ ಫಾರಂ ಒಂದನ್ನು ಹಿಡಿದು, ಒಂದು ಕುಟುಂಬ ತನ್ನ ಮೀನು, ತರಕಾರಿ, ಬಿಸಿ, ಬೆಳಕನ್ನು ತಾನೇ ಮಾಡಿಕೊಳ್ಳಬಹುದೇ ಎಂದು ನೋಡಲು ಕುಳಿತರು. ಬೆಳಕು ತೂರುವ ಫೈಬರ್‌ಗ್ಲಾಸ್ ಹಾಳೆಯನ್ನು ಸುತ್ತಿ ಐದಡಿ ಎತ್ತರದ ತೊಟ್ಟಿಗಳನ್ನು ಮಾಡಿದರು. ಬಿಸಿಲು ಬಿದ್ದು ನೀರೆಲ್ಲ ಹಸಿರು ಪಾಚಿ. ಅದನ್ನು ತಿನ್ನಲು ತಿಲಾಪಿಯ ಮೀನು. ಹಗಲು ಕಾದ ನೀರು ರಾತ್ರಿ ಗಾಜಿನ ಮನೆಯನ್ನು ಬೆಚ್ಚಗಿಡುತ್ತಿತ್ತು. ಮೀನಿನ ತೊಟ್ಟಿಯ ನೀರು ತರಕಾರಿ ಮಡಿಗೆ ಹೋಗುತ್ತಿತ್ತು.

ಈ ಗುಂಪಿನ ನಿಜವಾದ ಜಾಣತನ ಮೇವಿನ ವಿಷಯದಲ್ಲಿತ್ತು. ಅಂಗಡಿಯ ಮೀನಿನ ಮೇವು ಕೊಂಡರೆ ಕುಟುಂಬದ ಲೆಕ್ಕ ತಪ್ಪುತ್ತದೆ ಎಂದು ಮೆಕ್‌ಲಾರ್ನಿಗೆ ಗೊತ್ತಿತ್ತು. ಗೊಬ್ಬರ ಕದಡಿದ ಸಣ್ಣ ಹೊಂಡಗಳಲ್ಲಿ ಗೋಣಿತಟ್ಟು ಇಳಿಬಿಟ್ಟು, ಅದರ ಮೇಲೆ ಒಂದು ಜಾತಿಯ ಸಣ್ಣ ನೊಣದ ಮರಿಹುಳು ಬೆಳೆಸಿ ಮೀನಿಗೆ ತಿನ್ನಿಸುವ ವಿಧಾನವನ್ನು ಅವರೂ ಜೊತೆಗಾರರೂ 1974ರಲ್ಲಿ ವಿಜ್ಞಾನ ಪತ್ರಿಕೆಯೊಂದರಲ್ಲೇ ಪ್ರಕಟಿಸಿದರು. ಆಮೇಲಿನ ಅಕ್ವಾಪೋನಿಕ್ಸ್ ಕೈಪಿಡಿಗಳು ಗಾಜಿನ ಮನೆಯ ಚಿತ್ರವನ್ನು ಹಾಕಿಕೊಂಡವು, ಗೋಣಿತಟ್ಟನ್ನು ಮರೆತವು.

ಹೆಸರು ಬೆಳೆದಂತೆ ಖರ್ಚೂ ಬೆಳೆಯಿತು. ಕೆನಡದ ಪ್ರಿನ್ಸ್ ಎಡ್ವರ್ಡ್ ದ್ವೀಪದಲ್ಲಿ ಇವರು ಕಟ್ಟಿದ ‘ಆರ್ಕ್’ ಎಂಬ ಮನೆ–ತೋಟ–ಮೀನಿನಂಗಳವನ್ನು 1976ರಲ್ಲಿ ಪ್ರಧಾನಿ ಪಿಯರ್ ಟ್ರುಡೊ ಬಂದು ಉದ್ಘಾಟಿಸಿದರು. ಸರ್ಕಾರದ ಹಣದಿಂದ ಎದ್ದ ಆ ಪ್ರಯೋಗ ಹೆಚ್ಚು ವರ್ಷ ನಡೆಯಲಿಲ್ಲ. ಕೇಪ್ ಕಾಡ್‌ನ ಸಂಸ್ಥೆಯೂ 1990ರ ದಶಕದ ಆರಂಭದಲ್ಲಿ ಬಾಗಿಲು ಹಾಕಿತು.

ಅಷ್ಟರಲ್ಲಿ ವಿಶ್ವವಿದ್ಯಾಲಯಗಳು ಕೈ ಹಾಕಿದ್ದವು. ಜರ್ಮನಿಯ ಲುಡ್ವಿಗ್ ನೇಗೆಲ್ 1977ರಲ್ಲಿ, ಅಮೆರಿಕದ ದಕ್ಷಿಣ ಇಲಿನಾಯ್‌ನ ವಿಲಿಯಂ ಲೂಯಿಸ್ ತಂಡ 1978ರಲ್ಲಿ, ಮೀನಿನ ನೀರನ್ನು ಗಿಡಗಳ ಮೂಲಕ ಸುತ್ತಿಸಿ ಮತ್ತೆ ಬಳಸಬಹುದೆಂದು ಪ್ರಬಂಧ ಬರೆದರು. ಕೆರಿಬಿಯನ್‌ನ ಸೇಂಟ್ ಕ್ರೋಯ್ ದ್ವೀಪದಲ್ಲಿ, ಸಿಹಿನೀರಿಗೆ ಪರದಾಡುವ ಜಾಗದಲ್ಲಿ, ಜೇಮ್ಸ್ ರಾಕೊಸಿ 1980ರಿಂದ ಮೂರು ದಶಕ ಕೂತು ಇಡೀ ವಿದ್ಯೆಗೆ ಅಂಕಿ–ಅಂಶದ ಬುನಾದಿ ಹಾಕಿದರು. 7,800 ಲೀಟರಿನ ನಾಲ್ಕು ಮೀನಿನ ತೊಟ್ಟಿ, ನೀರಿನ ಮೇಲೆ ತೇಲುವ ಥರ್ಮೋಕೋಲ್ ಹಲಗೆಗಳಲ್ಲಿ ಲೆಟ್ಯೂಸ್, ಕಾಮಕಸ್ತೂರಿ. ವರ್ಷಕ್ಕೆ 4 ಟನ್ನಿಗೂ ಮಿಕ್ಕಿ ತಿಲಾಪಿಯ. ಒಂದು ಚದರ ಮೀಟರ್ ಪಾತಿಗೆ ದಿನಕ್ಕೆ 60ರಿಂದ 100 ಗ್ರಾಂ ಮೀನಿನ ಮೇವು ಎಂಬ ಸೂತ್ರ ಅವರದು. ಮೀನಿನ ಹಿಕ್ಕೆಯೊಂದೇ ಗಿಡಕ್ಕೆ ಸಾಲದು, ಸುಣ್ಣ, ಪೊಟ್ಯಾಸಿಯಂ, ಕಬ್ಬಿಣ ಮೂರನ್ನೂ ಆಗಾಗ ಬೆರೆಸಬೇಕು ಎಂಬ ಮಾತನ್ನೂ ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಮೀನು ಸಾಕಿದರೆ ಗೊಬ್ಬರವೇ ಬೇಡ ಎಂದು ಇಂದಿಗೂ ವಿಡಿಯೋ ಮಾಡುವವರು ರಾಕೊಸಿಯನ್ನು ಓದಿಲ್ಲವೆಂದೇ ತಿಳಿಯಬೇಕು.

ಆದರೆ ಹಿತ್ತಲಿಗೆ ದಾರಿ ಬಿದ್ದದ್ದು ಈ ಥರ್ಮೋಕೋಲ್ ತೆಪ್ಪದಿಂದಲ್ಲ, ಮರಳಿನಿಂದ. ಉತ್ತರ ಕ್ಯಾರೊಲಿನ ರಾಜ್ಯ ವಿಶ್ವವಿದ್ಯಾಲಯದಲ್ಲಿ 1980ರ ದಶಕದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಮಾರ್ಕ್ ಮೆಕ್‌ಮರ್ಟ್ರಿ, ಪ್ರಾಧ್ಯಾಪಕ ಡಗ್ ಸ್ಯಾಂಡರ್ಸ್ ಜೊತೆ ಸೇರಿ, ನೆಲದೊಳಗೆ ತಿಲಾಪಿಯ ತೊಟ್ಟಿ, ನೆಲಮಟ್ಟದಲ್ಲಿ ಮರಳಿನ ಮಡಿ ಮಾಡಿದರು. ತೊಟ್ಟಿಯ ನೀರನ್ನು ಎತ್ತಿ ಮರಳಿಗೆ ಬಿಟ್ಟರೆ ಸೋಸಿಕೊಂಡು ತಾನಾಗಿ ಹಿಂದಕ್ಕೆ ಇಳಿಯುತ್ತದೆ. ಬೇರೆ ಫಿಲ್ಟರ್ ಬೇಡ. ಮರಳೇ ಫಿಲ್ಟರ್, ಮರಳೇ ಹೊಲ. ಟೊಮೆಟೊ, ಸೌತೆ ಚೆನ್ನಾಗಿ ಬಂದವು. ಅಷ್ಟೇ ತಿಲಾಪಿಯವನ್ನು ಕೊಳದಲ್ಲಿ ಬೆಳೆಯಲು ಬೇಕಾಗುವ ನೀರಿನ ನೂರರಲ್ಲೊಂದು ಪಾಲು ಇಲ್ಲಿ ಸಾಕಾಯಿತು. ನೀರಿಲ್ಲದ, ದುಡ್ಡೂ ಇಲ್ಲದ ದೇಶಗಳಿಗೆ ಇದು ತಕ್ಕದ್ದೆಂಬುದು ಅವರ ವಾದವಾಗಿತ್ತು.

ಮಿಸೌರಿ ರಾಜ್ಯದ ವೆಸ್ಟ್ ಪ್ಲೇನ್ಸ್ ಬಳಿಯ ರೈತ ದಂಪತಿ ಟಾಮ್ ಮತ್ತು ಪೌಲಾ ಸ್ಪೆರಾನಿಯೊ ಅದನ್ನು 1990ರ ದಶಕದ ಆರಂಭದಲ್ಲಿ ತಮ್ಮ ಮನೆಗೆ ಒಗ್ಗಿಸಿಕೊಂಡರು. ಮನೆಗೆ ಅಂಟಿಸಿ ಕಟ್ಟಿದ ಗಾಜಿನ ಚಾವಣಿಯ ಕೆಳಗೆ 500 ಗ್ಯಾಲನ್, ಅಂದರೆ ಸುಮಾರು 1,900 ಲೀಟರಿನ ತೊಟ್ಟಿ. ಮಡಿಗೆ ಮರಳಿನ ಬದಲು ಸಣ್ಣ ಜಲ್ಲಿ. ಮಾರ್ಪಾಡು ಇಷ್ಟೇ ಎಂದು ತೋರಬಹುದು, ಆದರೆ ಹಿತ್ತಲ ಅಕ್ವಾಪೋನಿಕ್ಸ್ ಹುಟ್ಟಿದ್ದು ಇಲ್ಲಿಯೇ. ತಪ್ಪು ಗಾತ್ರದ ಮರಳು ಕೆಸರು ಹಿಡಿದು ಕಟ್ಟಿಕೊಳ್ಳುತ್ತದೆ; ಜಲ್ಲಿ ಅಷ್ಟು ಬೇಗ ಕಟ್ಟಿಕೊಳ್ಳುವುದಿಲ್ಲ. ನೀರು ತುಂಬಿ ಇಳಿದಾಗಲೆಲ್ಲ ಕಲ್ಲಿನ ಸಂದಿಗೆ ಗಾಳಿ ನುಗ್ಗಿ ಬೇರೂ ಬ್ಯಾಕ್ಟೀರಿಯವೂ ಉಸಿರಾಡುತ್ತವೆ. ಜಲ್ಲಿ ಯಾವ ಊರಿನಲ್ಲೂ ಸಿಗುತ್ತದೆ. ದಂಪತಿ ತಾವು ಮಾಡಿದ್ದನ್ನೆಲ್ಲ ಕೈಪಿಡಿಯಾಗಿ ಬರೆದು ಮಾರಿದರು. ಅದನ್ನು ನೋಡಿ ಹತ್ತಾರು ಗಾಜಿನ ಮನೆಗಳು, ಹೈಸ್ಕೂಲಿನ ಪ್ರಯೋಗಶಾಲೆಗಳು ಎದ್ದವು. ದೊಡ್ಡ ಪ್ರಯೋಗಾಲಯದ ಅನುಭವವಿಲ್ಲದ ರೈತರಿಬ್ಬರು ಜಲ್ಲಿ ಹಾಕಿದ್ದು, ಹಣ ಸುರಿದ ಆರ್ಕ್‌ಗಿಂತ ಹೆಚ್ಚು ಮಂದಿಯನ್ನು ಮುಟ್ಟಿತು.

ನೀಲಿ ಡ್ರಮ್ ರಂಗಕ್ಕೆ ಬರುವುದು ಇದಾದ ಮೇಲೆ. ಸ್ಪೆರಾನಿಯೊ ದಂಪತಿಯ ಕೆಲಸದಿಂದ ಪ್ರೇರಣೆ ಪಡೆದ ದಕ್ಷಿಣ ಕ್ಯಾರೊಲಿನದ ಟ್ರಾವಿಸ್ ಹ್ಯೂಯಿ, ಬಡ ದೇಶಗಳ ಹಳ್ಳಿಯಲ್ಲೂ ಸಿಗುವ ವಸ್ತುವಿನಿಂದ ಇದನ್ನು ಕಟ್ಟಲಾಗುವುದೇ ಎಂದು ಯೋಚಿಸಿದರು. ಅವರಿಗೆ ಹೊಳೆದದ್ದು 55 ಗ್ಯಾಲನ್ನಿನ ಪ್ಲಾಸ್ಟಿಕ್ ಡ್ರಮ್. ನಮ್ಮ ಗುಜರಿ ಅಂಗಡಿಗಳಲ್ಲಿ ಸಾಲಾಗಿ ನಿಂತಿರುವ ಅದೇ 200 ಲೀಟರಿನ ಡ್ರಮ್. ಒಂದರಲ್ಲಿ ಮೀನು. ಇನ್ನೊಂದನ್ನು ಉದ್ದಕ್ಕೆ ಸೀಳಿದರೆ ಎರಡು ಪಾತಿ. ಮತ್ತೊಂದು ಎತ್ತರದಲ್ಲಿ ಕೂತ ನೀರಿನ ತೊಟ್ಟಿ. ಪಂಪು ಅದನ್ನು ತುಂಬಿಸಿದಾಗ ಶೌಚಾಲಯದ ಫ್ಲಶ್ ಟ್ಯಾಂಕಿನ ವಾಲ್ವ್ ತೆರೆದು ನೀರೆಲ್ಲ ಒಮ್ಮೆಗೇ ಜಲ್ಲಿಯ ಮೇಲೆ ಸುರಿಯುತ್ತದೆ. ಟೈಮರ್ ಇಲ್ಲ, ಎಲೆಕ್ಟ್ರಾನಿಕ್ಸ್ ಇಲ್ಲ. ‘ಬ್ಯಾರಲ್‌ಪೋನಿಕ್ಸ್’ ಎಂದು ಹೆಸರಿಟ್ಟು ಕೈಪಿಡಿಯನ್ನು ಉಚಿತವಾಗಿ ಹಂಚಿದರು. ಕೆಟ್ಟರೆ ಊರಿನ ಪ್ಲಂಬರ್ ಸರಿಮಾಡಬಹುದಾದ ಯಂತ್ರ ಎಂಬುದೇ ಅದರ ದೊಡ್ಡಸ್ತಿಕೆ.

ಅದೇ ಹೊತ್ತಿಗೆ ಆಸ್ಟ್ರೇಲಿಯ ಬರದಲ್ಲಿ ಬೇಯುತ್ತಿತ್ತು. 1990ರ ದಶಕದ ಕೊನೆಯಿಂದ 2009ರವರೆಗೆ ಎಳೆದ ಆ ಬರವನ್ನು ಅವರು ‘ಸಹಸ್ರಮಾನದ ಬರ’ ಎನ್ನುತ್ತಾರೆ. ಕೈತೋಟಕ್ಕೆ ನೀರು ಬಿಡಲು ನಗರಗಳು ನಿರ್ಬಂಧ ಹೇರಿದವು. ಪರ್ತ್‌ನಲ್ಲಿ ಜೋಯಲ್ ಮಾಲ್ಕಮ್, ಕ್ವೀನ್ಸ್‌ಲ್ಯಾಂಡ್‌ನಲ್ಲಿ ಮರ್ರೆ ಹಲ್ಲಾಮ್ ಹಿತ್ತಲ ಅಕ್ವಾಪೋನಿಕ್ಸನ್ನು ಒಂದು ಚಳವಳಿಯನ್ನಾಗಿಯೇ ಮಾಡಿದರು. ತಿಲಾಪಿಯ ಅಲ್ಲಿ ನಿಷಿದ್ಧ, ಹೊಳೆಗಳನ್ನು ಕೆಡಿಸುವ ಮೀನು. ಹಾಗಾಗಿ ಸಿಲ್ವರ್ ಪರ್ಚ್, ಬಾರಾಮಂಡಿ, ಚಳಿಗಾಲಕ್ಕೆ ಟ್ರೌಟ್. ಕಾರ್ಖಾನೆಗಳಿಗೆ ದ್ರವ ಸಾಗಿಸುವ, ಸುತ್ತ ಕಬ್ಬಿಣದ ಪಂಜರವಿರುವ 1,000 ಲೀಟರಿನ ಚೌಕ ಟ್ಯಾಂಕ್ ಹಿತ್ತಲ ಹವ್ಯಾಸಿಗಳ ಅಚ್ಚುಮೆಚ್ಚಾಯಿತು. ಅದರ ಮೇಲ್ಭಾಗ ಕೊಯ್ದು, ಬೋರಲು ಹಾಕಿ, ಕೆಳಭಾಗದ ಮೇಲೇ ಕೂರಿಸಿದರೆ ಮೇಲೆ ಪಾತಿ, ಕೆಳಗೆ ಮೀನು. ಒಂದು ಗರಗಸ, ಒಂದು ಮಧ್ಯಾಹ್ನ ಸಾಕು.

2014ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಈ ಎಲ್ಲ ಗುಜರಿ ಜಾಣ್ಮೆಗೆ ಅಧಿಕೃತ ಮುದ್ರೆ ಒತ್ತಿತು. ಅದರ 589ನೆಯ ತಾಂತ್ರಿಕ ಪ್ರಬಂಧ ಸಣ್ಣ ಪ್ರಮಾಣದ ಅಕ್ವಾಪೋನಿಕ್ಸ್ ಬಗ್ಗೆಯೇ; ಪಂಜರದ ಟ್ಯಾಂಕನ್ನು ಎಲ್ಲಿ ಕೊಯ್ಯಬೇಕು, ಪೈಪು ಎಲ್ಲಿ ತೂರಿಸಬೇಕು ಎಂಬುದನ್ನೆಲ್ಲ ಚಿತ್ರ ಸಮೇತ ತೋರಿಸುತ್ತದೆ. ಪುಸ್ತಕ ಬರುವ ಮುಂಚೆಯೇ ಅದೇ ಸಂಸ್ಥೆ ಗಾಜಾ ಪಟ್ಟಿಯಲ್ಲಿ, ನೆಲವಿಲ್ಲದ, ಮನೆ ನಡೆಸುವ ಹೊಣೆ ಹೆಂಗಸರ ಮೇಲೇ ಬಿದ್ದಿದ್ದ ನೂರಕ್ಕೂ ಹೆಚ್ಚು ಕುಟುಂಬಗಳ ತಾರಸಿಯ ಮೇಲೆ ಇಂಥ ಘಟಕಗಳನ್ನು ಇರಿಸಿತ್ತು. ಗಂಟೆಗಟ್ಟಲೆ ವಿದ್ಯುತ್ ಇಲ್ಲದ ಊರು ಅದು. ಪಂಪು ನಿಂತರೆ ಮೊದಲು ಸೊರಗುವುದು ಗಿಡವಲ್ಲ, ಮೀನು. ಒತ್ತೊತ್ತಾಗಿ ಸಾಕಿದ ತೊಟ್ಟಿಯಲ್ಲಿ ಆಮ್ಲಜನಕ ಕೆಲವೇ ಗಂಟೆಗಳಲ್ಲಿ ಕುಸಿಯುತ್ತದೆ. ಲೋಡ್ ಶೆಡ್ಡಿಂಗ್ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಆದಾಗ ಇದನ್ನು ದೊಡ್ಡದಾಗಿ ಮಾಡುವ ಆಸೆ ಹುಟ್ಟದಿರುತ್ತದೆಯೇ? ಮಿಲ್ವಾಕಿ ನಗರದ ವಿಲ್ ಆಲನ್ ಬಾಸ್ಕೆಟ್‌ಬಾಲ್ ಆಟಗಾರನಾಗಿದ್ದು ರೈತನಾದವರು. ಅವರ ‘ಗ್ರೋಯಿಂಗ್ ಪವರ್’ ಕೇಂದ್ರದ ಮೀನಿನ ಕಾಲುವೆ, ಸೊಪ್ಪಿನ ಮಹಡಿಗಳನ್ನು ನೋಡಲು ದೇಶವಿದೇಶದಿಂದ ಜನ ಬಂದರು. 2008ರಲ್ಲಿ ಮೆಕಾರ್ಥರ್ ಫೆಲೋಶಿಪ್ ಸಿಕ್ಕಿತು. 2017ರಲ್ಲಿ ಸಂಸ್ಥೆ ಸಾಲದಲ್ಲಿ ಮುಚ್ಚಿತು. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಡೇವಿಡ್ ಲವ್ ಮತ್ತು ಸಂಗಡಿಗರು ನಾನಾ ದೇಶಗಳ 257 ವಾಣಿಜ್ಯ ಅಕ್ವಾಪೋನಿಕ್ಸ್ ಉದ್ಯಮಿಗಳನ್ನು ವಿಚಾರಿಸಿ 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಹಿಂದಿನ ವರ್ಷ ಲಾಭ ಕಂಡವರು ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಲಕ್ಷಗಟ್ಟಲೆ ಹೂಡಿ ‘ಆಧುನಿಕ ಕೃಷಿ’ಗೆ ಇಳಿಯುವವರು ಮೊದಲು ಈ ಅಂಕಿಯನ್ನು ನೋಡಬೇಕು. ದೊಡ್ಡದು ಮಾಡಿದಷ್ಟೂ ವಿದ್ಯುತ್, ಮೇವು, ಆಳಿನ ಕೂಲಿ ಮೂರೂ ಮೇಲೆ ಬೀಳುತ್ತವೆ. ಡ್ರಮ್ಮಿನ ಯಜಮಾನನಿಗೆ ಕೂಲಿಯಿಲ್ಲ, ಸಾಲವಿಲ್ಲ, ಬೆಳೆದದ್ದನ್ನು ಮಾರಬೇಕಾದ ದರ್ದೂ ಇಲ್ಲ.

ಅವನ ಲೆಕ್ಕ ತೀರಾ ಸಣ್ಣದು. ಸೀಳಿದ ಡ್ರಮ್ಮಿನ ಒಂದು ಹೋಳು ಸುಮಾರು ಅರ್ಧ ಚದರ ಮೀಟರ್ ಪಾತಿ. ಜಲ್ಲಿ ಪಾತಿಯಲ್ಲಿ ಸೊಪ್ಪು ಬೆಳೆಯಲು ಚದರ ಮೀಟರಿಗೆ ದಿನಕ್ಕೆ 40ರಿಂದ 50 ಗ್ರಾಂ ಮೇವು ಎಂಬುದು 589ನೆಯ ಪ್ರಬಂಧದ ಸೂತ್ರ. ಅಂದರೆ ಒಂದು ಹೋಳಿಗೆ ದಿನಕ್ಕೆ ಇಪ್ಪತ್ತು–ಇಪ್ಪತ್ತೈದು ಗ್ರಾಂ, ಒಂದು ಹಿಡಿಯೂ ಅಲ್ಲ. 1,000 ಲೀಟರ್ ನೀರಿಗೆ 10ರಿಂದ 20 ಕಿಲೋ ಮೀನು ಎಂಬುದು ಅದೇ ಪ್ರಬಂಧದ ಮಿತಿ. 200 ಲೀಟರಿನಲ್ಲಿ ಎರಡರಿಂದ ನಾಲ್ಕು ಕಿಲೋ. ಇದರಿಂದ ಮನೆ ಮಂದಿಯ ಮೀನಿನ ಆಸೆ ತೀರುವುದಿಲ್ಲ. ದಂಟು, ಪಾಲಕ್, ಪುದೀನ, ಬಸಳೆ ಬರುತ್ತವೆ, ಧಾರಾಳವಾಗಿ. ಹಿತ್ತಲ ಅಕ್ವಾಪೋನಿಕ್ಸ್ ಎಂದರೆ ಮೀನು ಸಾಕಣೆ ಎಂದುಕೊಂಡವರು ನಿರಾಶರಾಗುತ್ತಾರೆ. ಅದು ಸೊಪ್ಪಿನ ಕೃಷಿ, ಮೀನು ಅದರ ಗೊಬ್ಬರದ ಗುಂಡಿ.

ನಮ್ಮ ಕಡೆ ಡ್ರಮ್ಮಿಗೆ ಮೊದಲು ಬೀಳುವ ಮೀನು ತಿಲಾಪಿಯವೇ, ಮಾರುಕಟ್ಟೆಯ ಹೆಸರಿನಲ್ಲಿ ಜಿಲೇಬಿ. ಅದಕ್ಕೂ ಒಂದು ಚರಿತ್ರೆಯಿದೆ. ಮೊಸಾಂಬಿಕ್ ತಿಲಾಪಿಯ ಭಾರತಕ್ಕೆ ಬಂದದ್ದು 1952ರಲ್ಲಿ. ಸಿಕ್ಕಸಿಕ್ಕಲ್ಲಿ ಮರಿಹಾಕಿ ಕೆರೆಗಳ ತುಂಬ ಬೆರಳುದ್ದದ ಮೀನೇ ತುಂಬಿಕೊಳ್ಳುವುದನ್ನು ಕಂಡು 1959ರಲ್ಲೇ ಅದನ್ನು ಹರಡಬಾರದೆಂಬ ತೀರ್ಮಾನವಾಯಿತು. ಅಷ್ಟರಲ್ಲಿ ಮೀನು ಕೆರೆ ಸೇರಿಯಾಗಿತ್ತು. ಈಗ ಸಾಕಣೆಗೆ ಸಿಗುವುದು ಬೇರೆ ತಳಿ. 1988ರಲ್ಲಿ ಫಿಲಿಪೀನ್ಸ್‌ನಲ್ಲಿ ಶುರುವಾದ ಆಯ್ಕೆಯ ತಳಿ ಅಭಿವೃದ್ಧಿಯಿಂದ ಬಂದ ‘ಗಿಫ್ಟ್’ ತಿಲಾಪಿಯ. ಬೇಗ ಬೆಳೆಯುತ್ತದೆ. ಆದರೂ ತಿಲಾಪಿಯ ತಿಲಾಪಿಯವೇ.

ಹೊಸದಾಗಿ ಶುರುಮಾಡುವವರು ಇಷ್ಟು ನೆನಪಿಟ್ಟರೆ ಸಾಕು. ಗುಜರಿಯಲ್ಲಿ ಡ್ರಮ್ ಕೊಳ್ಳುವಾಗ ಬೆಲೆ ಕೇಳುವ ಮುಂಚೆ ಅದರಲ್ಲಿ ಏನಿತ್ತೆಂದು ಕೇಳಿ. ಎಣ್ಣೆ, ಸಕ್ಕರೆ ಪಾಕ, ಉಪ್ಪಿನಕಾಯಿಯಾದರೆ ತೊಳೆದು ಬಳಸಿ, ಕೀಟನಾಶಕವೋ ಆಮ್ಲವೋ ಆದರೆ ಬಿಟ್ಟಿ ಕೊಟ್ಟರೂ ಬೇಡ. ಜಲ್ಲಿಯ ಮೇಲೆ ಸ್ವಲ್ಪ ವಿನಿಗರ್ ಹನಿಸಿ. ನೊರೆ ಬಂದರೆ ಅದರಲ್ಲಿ ಸುಣ್ಣವಿದೆ, ನೀರಿನ ಹುಳಿ–ಕ್ಷಾರದ ಹದ ಕೆಡಿಸುತ್ತದೆ. ಮೊದಲ ತಿಂಗಳು ಮೀನಿಗೆ ದುಡ್ಡು ಹಾಕಬೇಡಿ, ಅಮೋನಿಯ ಅಳೆಯುವ ಕಿಟ್‌ಗೆ ಹಾಕಿ. ಕರೆಂಟು ಹೋದಾಗ ಗಾಳಿಯಾಡಿಸಲು ಬ್ಯಾಟರಿಯ ಸಣ್ಣ ಏರೇಟರ್ ಒಂದಿರಲಿ. ಹವ್ಯಾಸ ಬೇಸರವಾದ ದಿನ ಡ್ರಮ್ಮಿನ ಜಿಲೇಬಿಯನ್ನು ಸಾರು ಮಾಡಿ, ನೆರೆಯವರಿಗೆ ಕೊಡಿ. ಊರ ಕೆರೆಗೆ ಮಾತ್ರ ಬಿಡಬೇಡಿ.